ಎಲ್ಲ ಸಂಖ್ಯೆಗಳೂ 15ಕ್ಕೇ ಬಂದು ನಿಲ್ಲುವುದೇಕೆ?

ಪ್ರಶ್ನೆ: ಯಾವುದಾದರೂ ಒಂದು ಸಂಖ್ಯೆಯನ್ನು ಬರೆದುಕೊಂಡು, ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನೆಲ್ಲ 1 ಮತ್ತು ಆ ಸಂಖ್ಯೆಯನ್ನೂ ಸೇರಿಸಿ ಪಟ್ಟಿ ಮಾಡಿ, ಪಟ್ಟಿಯಲ್ಲಿ ಕಾಣುವ ಅಂಕಿಗಳಷ್ಟನ್ನೂ ಕೂಡಿದರೆ ಹೊಸದೊಂದು ಸಂಖ್ಯೆ ಸಿಗುತ್ತದೆ. ಅದರ ಮೇಲೆ ಮತ್ತೆ ಅದೇ ಕೆಲಸ ಮಾಡುತ್ತಾ ಹೋದೆ. ಏಕೀಕರಣದ ವರ್ಷವಾದ 1956ರಿಂದ ಹೊರಟೆ, 1729ರಿಂದ ಹೊರಟೆ, 220ರಿಂದಲೂ ಹೊರಟೆ. ಸುಮಾರು ನಲವತ್ತು ಸಂಖ್ಯೆಗಳನ್ನು ನೋಡಿದರೂ ಕೊನೆಗೆ ಬಂದದ್ದು 15 ಮಾತ್ರ. ಇದು ಎಲ್ಲ ಸಂಖ್ಯೆಗಳಿಗೂ ನಿಜವೇ? 15ರಲ್ಲಿ ಅಂಥದ್ದೇನಿದೆ? ಕಾಪ್ರೇಕರ್ ಅವರ ಅಂಕಿ ಕೂಡಿಸುವ ಸರಣಿಗಳಿಗೂ ಇದಕ್ಕೂ ನಂಟಿದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು. 1 ತನ್ನಲ್ಲೇ ನಿಲ್ಲುತ್ತದೆ. ಅದೊಂದನ್ನು ಬಿಟ್ಟರೆ ಯಾವ ಸಂಖ್ಯೆಯಿಂದ ಹೊರಟರೂ ದಾರಿ ಮುಗಿಯುವುದು 15ರಲ್ಲಿಯೇ. ಅಮೆರಿಕದ ಗಣಿತಜ್ಞ ಮೈಕೆಲ್ ಎಕರ್ ಇಂಥ ಸಂಖ್ಯೆಗಳನ್ನು ಖಗೋಳದ ಕಪ್ಪುಕುಳಿಗೆ ಹೋಲಿಸಿದ್ದಾರೆ, ಏಕೆಂದರೆ ಹತ್ತಿರ ಬಂದದ್ದನ್ನು ಅದು ಒಳಗೆ ಎಳೆದುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ. ಆದರೆ ನಲವತ್ತು ಸಂಖ್ಯೆಗಳನ್ನಲ್ಲ, ನಲವತ್ತು ಲಕ್ಷ ಸಂಖ್ಯೆಗಳನ್ನು ನೋಡಿದರೂ ಅದು ಗಣಿತದ ಅರ್ಥದ ಸಾಧನೆ, ಎಂದರೆ ಎಲ್ಲ ಸಂಖ್ಯೆಗಳಿಗೂ ನಿಜವೆಂದು ತರ್ಕದಿಂದ ತೋರಿಸುವ ರುಜುವಾತು, ಎನಿಸುವುದಿಲ್ಲ. ಈ ಮಾತಿನ ತೂಕ ಎಷ್ಟೆಂಬುದನ್ನು ಮುಂದೆ ಬೇರೊಂದು ಸರಣಿಯಲ್ಲಿ ತೋರಿಸುತ್ತೇನೆ. ನಿಮ್ಮ ಸರಣಿಯ ವಿಷಯದಲ್ಲಿ ನಾವು ಅದೃಷ್ಟವಂತರು: ಪೂರ್ಣ ಸಾಧನೆ ಇದೆ, ಅದೂ ಪ್ರೌಢಶಾಲೆಯ ಗಣಿತದಷ್ಟರಲ್ಲೇ ಇದೆ.

ಮೊದಲು ಎರಡು ಪದಗಳನ್ನು ಗೊತ್ತುಮಾಡಿಕೊಳ್ಳೋಣ. ಶೇಷವಿಲ್ಲದೆ ಭಾಗಿಸುವ ಸಂಖ್ಯೆಯನ್ನು ಭಾಜಕ ಎನ್ನುತ್ತೇನೆ. ಶಾಲೆಯ ಪುಸ್ತಕಗಳಲ್ಲಿ ಇದನ್ನೇ ಅಪವರ್ತನ ಎಂದೂ ಕರೆಯುತ್ತಾರೆ. ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿದರೆ ಬರುವುದು ಅದರ ಅಂಕಮೊತ್ತ. ಹಾಗಾದರೆ ನಿಮ್ಮ ಒಂದು ಹೆಜ್ಜೆಯೆಂದರೆ ಎಲ್ಲ ಭಾಜಕಗಳ ಅಂಕಮೊತ್ತಗಳನ್ನು ಒಟ್ಟುಗೂಡಿಸುವುದು. 36ನ್ನು ತೆಗೆದುಕೊಂಡು ನಿಧಾನವಾಗಿ ನಡೆದು ನೋಡೋಣ. ಅದರ ಭಾಜಕಗಳು 1, 2, 3, 4, 6, 9, 12, 18 ಮತ್ತು 36. ಒಂದಂಕಿಯ ಆರು ಭಾಜಕಗಳನ್ನು ಕೂಡಿದರೆ 25. 12ರಿಂದ 3, 18ರಿಂದ 9, 36ರಿಂದ 9 ಸೇರಿ ಒಟ್ಟು 46. ಸಂಖ್ಯೆ ಇಳಿಯಲಿಲ್ಲ, ಏರಿತು ಎಂಬುದನ್ನು ಗಮನಿಸಿ. 46ರ ಭಾಜಕಗಳು 1, 2, 23, 46; ಅವುಗಳ ಅಂಕಮೊತ್ತಗಳು 1, 2, 5, 10; ಕೂಡಿದರೆ 18. ಅಲ್ಲಿಂದ 30, 27, 22, 9, 13, 5, 6, 12, 19, 11, 3, 4, 7, 8, ಕೊನೆಗೆ 15. 15ರ ಭಾಜಕಗಳು 1, 3, 5, 15. ಅಂಕಮೊತ್ತಗಳು 1, 3, 5, 6. ಕೂಡಿದರೆ ಮತ್ತೆ 15. ಹದಿನೇಳು ಹೆಜ್ಜೆ ನಡೆದ ಮೇಲೆ ದಾರಿ ಮುಗಿಯಿತು.

ನೀವು ಹೊರಟ ಸಂಖ್ಯೆಗಳೂ ಇದೇ ದಾರಿಗೆ ಬಂದು ಕೂಡಿಕೊಂಡಿರುವುದನ್ನು ನಿಮ್ಮ ಹಾಳೆಯಲ್ಲಿ ನೋಡಬಹುದು. 1956ಕ್ಕೆ ಹನ್ನೆರಡು ಭಾಜಕಗಳಿವೆ, ಅಂಕಮೊತ್ತಗಳೆಲ್ಲ ಕೂಡಿ 119. ಅದರಿಂದ 27, ಆಮೇಲೆ 22, ಆಮೇಲೆ 9. 1729ರಿಂದ 71, ಅಲ್ಲಿಂದ ನೇರವಾಗಿ 9. 220ರಿಂದ 45, ಅಲ್ಲಿಂದ 33, ಅಲ್ಲಿಂದ 12. ಒಂಬತ್ತಕ್ಕೋ ಹನ್ನೆರಡಕ್ಕೋ ಬಂದ ಮೇಲೆ ಮುಂದಿನದು ಮೇಲೆ ಬರೆದ ಸಾಲಿನ ಬಾಲವೇ ಆಗಿದೆ.

ಇನ್ನು ಕಾರಣಕ್ಕೆ ಬರೋಣ. ಈ ಹೆಜ್ಜೆಯಲ್ಲಿ ಒಂದಕ್ಕೊಂದು ಎದುರಾದ ಎರಡು ಒತ್ತಡಗಳಿವೆ. ಭಾಜಕಗಳನ್ನು ಕೂಡುವ ಕೆಲಸ ಸಂಖ್ಯೆಯನ್ನು ಮೇಲಕ್ಕೆ ತಳ್ಳುತ್ತದೆ, ಏಕೆಂದರೆ ಪಟ್ಟಿಯಲ್ಲಿ ಆ ಸಂಖ್ಯೆಯೂ ಇರುತ್ತದೆ, ಜೊತೆಗೆ ಉಳಿದ ಭಾಜಕಗಳೂ ಇರುತ್ತವೆ. ಅಂಕಿಗಳನ್ನು ಬಿಡಿಸಿ ಕೂಡುವ ಕೆಲಸ ಅದನ್ನು ಕೆಳಕ್ಕೆ ಒತ್ತುತ್ತದೆ: ಹತ್ತು ಲಕ್ಷಕ್ಕೆ ಒಂದು ಕಡಿಮೆಯಿರುವ 9,99,999ರ ಅಂಕಮೊತ್ತ ಬರೀ 54. ಸಂಖ್ಯೆಗಳು ಚಿಕ್ಕವಿರುವಾಗ ಮೊದಲನೆಯದು ಗೆಲ್ಲಬಲ್ಲದು, 36ರಿಂದ 46ಕ್ಕೆ ಏರಿದ್ದು ಅದರಿಂದಲೇ. ಸಂಖ್ಯೆಗಳು ದೊಡ್ಡವಾದಂತೆ ಎರಡನೆಯದರ ಮುಂದೆ ಮೊದಲನೆಯದು ನಿಲ್ಲಲಾರದು. ಇದನ್ನು ಲೆಕ್ಕದಲ್ಲಿಯೇ ಹಿಡಿಯಬಹುದು.

ಒಂದು ಸಂಖ್ಯೆಯ ಭಾಜಕಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. 36ರಲ್ಲಿ 2ಕ್ಕೆ 18 ಜೋಡಿ, 3ಕ್ಕೆ 12 ಜೋಡಿ, 4ಕ್ಕೆ 9 ಜೋಡಿ. ಪ್ರತಿ ಜೋಡಿಯಲ್ಲೂ ಚಿಕ್ಕದು ಆ ಸಂಖ್ಯೆಯ ವರ್ಗಮೂಲವನ್ನು ಮೀರುವುದಿಲ್ಲ. ಆದ್ದರಿಂದ ಒಟ್ಟು ಭಾಜಕಗಳ ಎಣಿಕೆ ವರ್ಗಮೂಲದ ಎರಡು ಪಟ್ಟನ್ನು ದಾಟಲಾರದು. ಈಗ ಐದಂಕಿಯ ಒಂದು ಸಂಖ್ಯೆಯನ್ನು ಊಹಿಸಿಕೊಳ್ಳಿ. ಅದರ ಯಾವ ಭಾಜಕದ ಅಂಕಮೊತ್ತವೂ ಐದು ಒಂಬತ್ತುಗಳ ಮೊತ್ತವಾದ 45ನ್ನು ಮೀರದು. ಹಾಗಾದರೆ ಮುಂದಿನ ಸಂಖ್ಯೆ ವರ್ಗಮೂಲದ 90 ಪಟ್ಟಿಗಿಂತ ಹೆಚ್ಚಾಗಲಾರದು. ಆದರೆ ಐದಂಕಿಯ ಸಂಖ್ಯೆಯ ವರ್ಗಮೂಲ ಕನಿಷ್ಠ 100. ಎಂದರೆ ಆ ಸಂಖ್ಯೆ ತನ್ನ ವರ್ಗಮೂಲದ ಕನಿಷ್ಠ 100 ಪಟ್ಟು. ಆದ್ದರಿಂದ ಮುಂದಿನ ಸಂಖ್ಯೆ ಈಗಿನದಕ್ಕಿಂತ ಚಿಕ್ಕದಾಗಲೇಬೇಕು. ಅಂಕಿಗಳು ಹೆಚ್ಚಿದರೆ ಗತಿಯೇನೆಂದು ಕೇಳಬಹುದು. ಒಂದು ಅಂಕಿ ಹೆಚ್ಚಿದರೆ ಆ 90ಕ್ಕೆ 18 ಕೂಡಿಕೊಳ್ಳುತ್ತದೆ, ಆದರೆ ವರ್ಗಮೂಲದ ಕನಿಷ್ಠ ಬೆಲೆ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಕೂಡಿ ಬೆಳೆಯುವುದು ಗುಣಿಸಿ ಬೆಳೆಯುವುದನ್ನು ಎಂದಿಗೂ ಹಿಡಿಯಲಾರದು. ಹೀಗಾಗಿ 10,000 ಮತ್ತು ಅದರಿಂದಾಚೆಯ ಯಾವ ಸಂಖ್ಯೆಯೂ, ಅದಕ್ಕೆ ಸಾವಿರ ಅಂಕಿಗಳಿದ್ದರೂ ಸರಿಯೇ, ಹೆಜ್ಜೆ ಹೆಜ್ಜೆಗೂ ಇಳಿಯುತ್ತಲೇ ಇರುತ್ತದೆ.

ಉಳಿದದ್ದು ನಾಲ್ಕಂಕಿ ಮತ್ತು ಅದರೊಳಗಿನ ಸಂಖ್ಯೆಗಳು. ಇಲ್ಲಿ ನೆನೆಯಬೇಕಾದವರು ಶ್ರೀನಿವಾಸ ರಾಮಾನುಜನ್. ತಮಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತಲೂ ಹೆಚ್ಚು ಭಾಜಕಗಳನ್ನು ಹೊಂದಿರುವ ಸಂಖ್ಯೆಗಳ ಬಗೆಗೆ ಅವರ ದೀರ್ಘ ಪ್ರಬಂಧವೊಂದು ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 1915ರಲ್ಲಿ ಪ್ರಕಟವಾಯಿತು. 840ಕ್ಕೆ 32 ಭಾಜಕಗಳು, 1260ಕ್ಕೆ 36, 1680ಕ್ಕೆ 40, 2520ಕ್ಕೆ 48, 5040ಕ್ಕೆ 60, 7560ಕ್ಕೆ 64. ಇವೆಲ್ಲ ಅಂಥ ಸಂಖ್ಯೆಗಳು. ನಮ್ಮ ಕೆಲಸಕ್ಕೆ ಬೇಕಾದ ಕತ್ತಿ ಇದೇ. ನಾಲ್ಕಂಕಿಯಲ್ಲಿ 64ಕ್ಕಿಂತ ಹೆಚ್ಚು ಭಾಜಕಗಳಿರುವ ಸಂಖ್ಯೆಯಿಲ್ಲ, ಅಂಕಮೊತ್ತ 36ನ್ನು ಮೀರುವುದಿಲ್ಲ, ಗುಣಿಸಿದರೆ 2304. ಎಂದರೆ 2304ನ್ನು ಮೀರಿದ ನಾಲ್ಕಂಕಿಯ ಸಂಖ್ಯೆಗಳೆಲ್ಲ ಇಳಿಯುತ್ತವೆ. 2304ರೊಳಗೆ ಭಾಜಕಗಳ ಎಣಿಕೆ 40ನ್ನೂ ಅಂಕಮೊತ್ತ 28ನ್ನೂ ದಾಟುವುದಿಲ್ಲ, ಗುಣಿಸಿದರೆ 1120. 1120ರೊಳಗೆ 32 ಮತ್ತು 27, ಗುಣಿಸಿದರೆ 864. ಮೂರು ಮೆಟ್ಟಿಲಿನಲ್ಲಿ ನಾವು ಸಾವಿರದ ಕೆಳಗೆ ಬಂದೆವು.

ಇನ್ನೂ ಕೆಳಗಿಳಿಯಲು ಕತ್ತಿಯನ್ನು ಸ್ವಲ್ಪ ಮಸೆಯಬೇಕು. ಒಂದು ಸಂಖ್ಯೆಯನ್ನು ಬಿಟ್ಟರೆ ಅದರ ಉಳಿದ ಯಾವ ಭಾಜಕವೂ ಅದರ ಅರ್ಧವನ್ನು ಮೀರುವುದಿಲ್ಲ. 864ರ ಅರ್ಧ 432. ಅದರೊಳಗೆ ಅತಿ ದೊಡ್ಡ ಅಂಕಮೊತ್ತ 399ರದು, 21. 864ರೊಳಗಿನ ಸಂಖ್ಯೆಯದೇ ಅಂಕಮೊತ್ತ ಹೆಚ್ಚೆಂದರೆ 799ರದು, 25; ಅದನ್ನು ಬಿಟ್ಟು ಉಳಿದ ಭಾಜಕಗಳು ಹೆಚ್ಚೆಂದರೆ 31. ಆದ್ದರಿಂದ ಮುಂದಿನ ಸಂಖ್ಯೆ ಹೆಚ್ಚೆಂದರೆ 25ಕ್ಕೆ 31 ಸಲ 21ನ್ನು ಕೂಡಿದಷ್ಟು, ಎಂದರೆ 676. ಹೀಗೆ ಮೇಲ್ಮಿತಿಯನ್ನು ಹಂತಹಂತವಾಗಿ ಬಿಗಿಗೊಳಿಸುತ್ತಾ ಬಂದರೆ ಕೊನೆಗೆ ಭಾಜಕಗಳು ದಟ್ಟವಾಗಿರುವ ಕೆಲವೇ ಸಂಖ್ಯೆಗಳು ಕೈಯಲ್ಲಿ ಉಳಿಯುತ್ತವೆ. ಅವುಗಳನ್ನು ಒಂದೊಂದಾಗಿ ಲೆಕ್ಕ ಹಾಕಬೇಕು: 108ರಿಂದ 73, 120ರಿಂದ 63, 144ರಿಂದ 97, 168ರಿಂದ 102, 180ರಿಂದ 96, 360ರಿಂದ 135. ಯಾವುದೂ ಏರುವುದಿಲ್ಲ. 32 ಭಾಜಕಗಳಿರುವ 840ರಿಂದ ಬರುವುದು ಕೂಡ 189 ಮಾತ್ರ. ಮೂರಂಕಿಯ ಒಂದು ಸಂಖ್ಯೆಯೂ ಏರುವುದಿಲ್ಲವೆಂದು ಇಷ್ಟರಿಂದ ತೀರ್ಮಾನವಾಗುತ್ತದೆ.

ಎರಡಂಕಿಯವುಗಳನ್ನು ನೀವೇ ಒಂದು ಸಂಜೆ ಕುಳಿತು ಪಟ್ಟಿ ಮಾಡಬಹುದು, ಮಾಡಿರೆಂದು ಒತ್ತಾಯಿಸುತ್ತೇನೆ, ಏಕೆಂದರೆ ಸರಣಿಯ ಜೀವ ಇರುವುದು ಅಲ್ಲಿಯೇ. ಏರುವ ಸಂಖ್ಯೆಗಳು ಒಟ್ಟು ಹದಿನಾರು: 2ರಿಂದ 9ರವರೆಗಿನ ಎಂಟು, ಮತ್ತು 12, 14, 16, 18, 24, 28, 36, 48. ಇವುಗಳಲ್ಲಿ 48 ಕಟ್ಟಕಡೆಯದು. ಅದು 52ಕ್ಕೆ ಏರುತ್ತದೆ, 52 ಕೂಡಲೇ 26ಕ್ಕೆ ಕುಸಿಯುತ್ತದೆ, 26 ನೇರವಾಗಿ 15ಕ್ಕೆ ಬರುತ್ತದೆ. 48ನ್ನು ಮೀರಿದ ಯಾವ ಸಂಖ್ಯೆಯೂ, ಅದು ಎಷ್ಟೇ ದೊಡ್ಡದಿರಲಿ, ಪ್ರತಿ ಹೆಜ್ಜೆಗೂ ಇಳಿದು ಕೊನೆಗೆ 48ರೊಳಗೆ ಬರಲೇಬೇಕು. ಬಂದ ಮೇಲೆ 52ನ್ನು ದಾಟಿ ಹೋಗಲಾರದು. ಅನಂತವಾದ ಪ್ರಶ್ನೆ ಹೀಗೆ ಐವತ್ತೆರಡು ಸಾಲುಗಳ ಒಂದು ಪಟ್ಟಿಗೆ ಇಳಿಯಿತು. ಆ ಪಟ್ಟಿಯಲ್ಲಿ 1ನ್ನು ಬಿಟ್ಟು ಉಳಿದ ಪ್ರತಿಯೊಂದನ್ನೂ ಬೆರಳಿಟ್ಟು ಹಿಂಬಾಲಿಸಿದರೆ ಎಲ್ಲವೂ 15ಕ್ಕೆ ಹೋಗುತ್ತವೆ. ನಡುವೆ ಸುತ್ತುವ ಸುಳಿಯೊಂದೂ ಇಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಸಾಧನೆ ಇಲ್ಲಿಗೆ ಪೂರ್ಣವಾಯಿತು.

15ರಲ್ಲಿ ಅಂಥದ್ದೇನಿದೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಒಂಬತ್ತರಲ್ಲಿದೆ. ಒಂದು ಸಂಖ್ಯೆಯಿಂದ ಅದರ ಅಂಕಮೊತ್ತವನ್ನು ಕಳೆದರೆ ಉಳಿಯುವುದು ಯಾವಾಗಲೂ 9ರ ಗುಣಕ. ಹತ್ತರ ಸ್ಥಾನದಲ್ಲಿರುವ ಒಂದೊಂದು ಘಟಕವೂ 10 ಬೆಲೆಯದ್ದು, ಅಂಕಮೊತ್ತದಲ್ಲಿ ಅದಕ್ಕೆ 1 ಎಂದಷ್ಟೇ ಲೆಕ್ಕ. ನೂರರ ಸ್ಥಾನದಲ್ಲಿ 100ಕ್ಕೆ 1. ಹೀಗೆ ಒಂದೊಂದರಲ್ಲೂ 9, 99, 999 ಕಳೆದುಹೋಗುತ್ತವೆ. ಗುಣಾಕಾರ ಸರಿಯಿದೆಯೇ ಎಂದು ಅಂಕಿ ಕೂಡಿ ತಾಳೆ ನೋಡುವ ಹಳೆಯ ಪದ್ಧತಿ ನಿಂತಿರುವುದು ಇದರ ಮೇಲೆಯೇ. ಈಗ ಒಂದು ಸಂಖ್ಯೆ ನಿಮ್ಮ ಹೆಜ್ಜೆಯಲ್ಲಿ ಕದಲದೆ ನಿಲ್ಲಬೇಕಾದರೆ ಏನಾಗಬೇಕು? ಅದರ ಅಂಕಮೊತ್ತವನ್ನೂ ಉಳಿದ ಭಾಜಕಗಳ ಅಂಕಮೊತ್ತಗಳನ್ನೂ ಕೂಡಿದರೆ ಅದೇ ಸಂಖ್ಯೆ ಬರಬೇಕು. ಎಂದರೆ ಉಳಿದ ಭಾಜಕಗಳ ಅಂಕಮೊತ್ತಗಳು ಆ ಸಂಖ್ಯೆಗೂ ಅದರ ಅಂಕಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ತುಂಬಿಕೊಡಬೇಕು. ಎರಡಂಕಿಯ ಸಂಖ್ಯೆಯಲ್ಲಿ ಆ ವ್ಯತ್ಯಾಸ ಹತ್ತರ ಸ್ಥಾನದ ಅಂಕಿಯ ಒಂಬತ್ತು ಪಟ್ಟು. 10ರಿಂದ 19ರವರೆಗಿನವಕ್ಕೆ ಬೇಕಾದದ್ದು 9, ಇಪ್ಪತ್ತರ ಸಾಲಿಗೆ 18, ಮೂವತ್ತರ ಸಾಲಿಗೆ 27, ಹೀಗೆ ಮುಂದಕ್ಕೆ.

ಹತ್ತರ ಸಾಲಿನಲ್ಲಿ ನೋಡಿ. 10ಕ್ಕೆ ಉಳಿದ ಭಾಜಕಗಳು 1, 2, 5, ಮೊತ್ತ 8, ಒಂದು ಕಡಿಮೆ. 14ಕ್ಕೆ 1, 2, 7, ಮೊತ್ತ 10; ಒಂದು ಹೆಚ್ಚು. 15ಕ್ಕೆ 1, 3, 5, ಮೊತ್ತ ಸರಿಯಾಗಿ 9. 12, 16, 18 ಬಹಳ ಹೆಚ್ಚು ಕೊಡುತ್ತವೆ, ಅವಿಭಾಜ್ಯಗಳು ಬರೀ 1 ಕೊಡುತ್ತವೆ. ಇಪ್ಪತ್ತರ ಸಾಲಿನಲ್ಲಿ 28 ಬಹಳ ಹತ್ತಿರ ಬರುತ್ತದೆ: ಬೇಕಾದದ್ದು 18, ಅದು ಕೊಡುವುದು 19. ಎಪ್ಪತ್ತರ ಸಾಲಿನಲ್ಲಿ 72 ಕೂಡ ಹಾಗೆಯೇ: ಬೇಕಾದದ್ದು 63, ಕೊಡುವುದು 60. ಇವು ತಪ್ಪಿಹೋದದ್ದು ಕೂದಲೆಳೆಯಲ್ಲಿ. 28 ಪರಿಪೂರ್ಣ ಸಂಖ್ಯೆ ಎಂಬುದನ್ನು ಬಲ್ಲವರಿಗೆ, ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಆ ಸಂಖ್ಯೆ ಇಲ್ಲಿ ಒಂದೇ ಒಂದರಿಂದ ಜಾರಿದ್ದು ನೋಡಿ ಸ್ವಲ್ಪ ನೋವೇ ಆಗುತ್ತದೆ. ಒಂದಂಕಿಯ ಸಂಖ್ಯೆಗಳಲ್ಲಿ ಬೇಕಾದ ವ್ಯತ್ಯಾಸ ಸೊನ್ನೆ. ಉಳಿದ ಭಾಜಕಗಳೇ ಇಲ್ಲದ 1 ಮಾತ್ರ ಅದನ್ನು ಪೂರೈಸುತ್ತದೆ.

ಅದೇ ಒಂಬತ್ತರ ನಿಯಮ ಇನ್ನೊಂದು ಸಂಗತಿಯನ್ನೂ ಬಿಡಿಸುತ್ತದೆ. ಐವತ್ತೆರಡು ಸಾಲುಗಳ ಪಟ್ಟಿಯಲ್ಲಿ ಹೊರಗಿನಿಂದ 15ರೊಳಗೆ ನೇರವಾಗಿ ಬರುವ ಬಾಗಿಲುಗಳು ನಾಲ್ಕೇ: 8, 14, 20, 26. ಇವೆಲ್ಲವನ್ನೂ 3ರಿಂದ ಭಾಗಿಸಿದರೆ ಉಳಿಯುವ ಶೇಷ 2. ಇದು ಕಾಕತಾಳೀಯವಲ್ಲ. ಶೇಷ 2 ಉಳಿಯುವ ಸಂಖ್ಯೆಯನ್ನು ಎರಡು ಭಾಜಕಗಳ ಗುಣಲಬ್ಧವಾಗಿ ಬರೆದರೆ, ಆ ಎರಡರಲ್ಲಿ ಒಂದರ ಶೇಷ 1, ಇನ್ನೊಂದರ ಶೇಷ 2 ಆಗಿರಲೇಬೇಕು. ಬೇರೆ ಯಾವ ಜೋಡಣೆಯಿಂದಲೂ ಗುಣಲಬ್ಧದ ಶೇಷ 2 ಬರುವುದಿಲ್ಲ. ಆದ್ದರಿಂದ ಪ್ರತಿ ಜೋಡಿಯ ಮೊತ್ತವೂ 3ರ ಗುಣಕ, ಎಲ್ಲವನ್ನೂ ಕೂಡಿದರೂ 3ರ ಗುಣಕ. ಅಂಕಿಗಳನ್ನು ಬಿಡಿಸಿ ಕೂಡಿದಾಗಲೂ ಈ ಗುಣ ಅಳಿಯುವುದಿಲ್ಲ, ಏಕೆಂದರೆ ಅಂಕಮೊತ್ತ 9ರ ಶೇಷವನ್ನು ಉಳಿಸಿಕೊಂಡಿರುತ್ತದೆ, ಹಾಗಾಗಿ 3ರ ಶೇಷವನ್ನೂ ಉಳಿಸಿಕೊಂಡಿರುತ್ತದೆ. 5ರಿಂದ 6, 11ರಿಂದ 3, 23ರಿಂದ 6, 29ರಿಂದ 12 ಬರುವುದೂ ಇದರಿಂದಲೇ. ನನ್ನ ಮಟ್ಟಿಗೆ ಈ ಸರಣಿಯಲ್ಲಿ ಅತ್ಯಂತ ಸುಂದರವಾದ ಜಾಗ ಇದು. ಮೇಲೆ ನೋಡಿದರೆ ಅಂಕಿಗಳ ಆಟ, ಕೆಳಗೆ ಇಣುಕಿದರೆ ಭಾಜಕಗಳ ಗಟ್ಟಿಯಾದ ಗಣಿತ, ಎರಡನ್ನೂ ಹೊಲಿದಿರುವ ದಾರ 9.

ನಿಮ್ಮ ಮೂರನೆಯ ಪ್ರಶ್ನೆಗೆ ಈಗ ದಾರಿ ಸುಗಮವಾಯಿತು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು 1905ರಲ್ಲಿ, ಮಹಾರಾಷ್ಟ್ರದ ಡಹಾಣುವಿನಲ್ಲಿ. 1930ರಿಂದ 1962ರವರೆಗೆ ನಾಸಿಕ್ ಬಳಿಯ ದೇವಲಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು. ನಾಲ್ಕಂಕಿಯ ಸಂಖ್ಯೆಯ ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಜೋಡಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋದರೆ ಬಂದು ನಿಲ್ಲುವ 6174ರ ಮೂಲಕ ಅವರ ಹೆಸರು ಎಲ್ಲರಿಗೂ ಗೊತ್ತು. ನೀವು ಕೇಳಿರುವುದು ಅವರ ಇನ್ನೊಂದು ಸರಣಿಯನ್ನು. ಅದರಲ್ಲಿ ಭಾಜಕಗಳಿಲ್ಲ. ಸಂಖ್ಯೆಗೆ ಅದರ ಅಂಕಮೊತ್ತವನ್ನು ಕೂಡಿ ಮುಂದಿನ ಸಂಖ್ಯೆಯನ್ನು ಪಡೆಯುತ್ತಾರೆ: 1, 2, 4, 8, 16, 23, 28, 38, 49, 62, 70, 77, 91, 101. ಇದು ಎಂದಿಗೂ ಇಳಿಯುವುದಿಲ್ಲ, ಎಂದಿಗೂ ನಿಲ್ಲುವುದಿಲ್ಲ, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ಏನಾದರೂ ಕೂಡುತ್ತಲೇ ಇರುತ್ತೇವೆ. 3ರಿಂದ ಹೊರಟರೆ 6, 12, 15, 21, 24, 30. 9ರಿಂದ ಹೊರಟರೆ 18, 27, 36, 45. ಈ ಮೂರು ಹೊಳೆಗಳು ಎಂದಾದರೂ ಒಂದನ್ನೊಂದು ಕೂಡುತ್ತವೆಯೇ ಎಂದರೆ ಇಲ್ಲ, ಎಷ್ಟು ದೂರ ಹೋದರೂ ಇಲ್ಲ. ಸಂಖ್ಯೆಗೂ ಅದರ ಅಂಕಮೊತ್ತಕ್ಕೂ 9ರ ಶೇಷ ಒಂದೇ ಆಗಿರುವುದರಿಂದ ಎರಡನ್ನೂ ಕೂಡುವುದೆಂದರೆ ಶೇಷವನ್ನು ಇಮ್ಮಡಿಸಿದಂತೆ. 1ರ ಹೊಳೆಯಲ್ಲಿ ಶೇಷಗಳು 1, 2, 4, 8, 7, 5 ಎಂದು ಸುತ್ತುತ್ತವೆ, 3ರದ್ದರಲ್ಲಿ 3 ಮತ್ತು 6 ಮಾತ್ರ, 9ರದ್ದರಲ್ಲಿ ಸೊನ್ನೆ ಮಾತ್ರ. ಮೂರಕ್ಕೂ ಪಾತ್ರ ಬೇರೆ ಬೇರೆ.

ಹಿಮ್ಮುಖವಾಗಿ ನೋಡಿದಾಗ ಈ ಸರಣಿ ಇನ್ನೂ ಕುತೂಹಲಕರ. 101ಕ್ಕೆ ಇಬ್ಬರು ಜನಕರು: 91ಕ್ಕೆ 10 ಕೂಡಿದರೂ 101, 100ಕ್ಕೆ 1 ಕೂಡಿದರೂ 101. ಆದರೆ 20ಕ್ಕೆ ಜನಕನೇ ಇಲ್ಲ. ಯಾವ ಸಂಖ್ಯೆಗೆ ಅದರ ಅಂಕಮೊತ್ತವನ್ನು ಕೂಡಿದರೂ 20 ಬರುವುದಿಲ್ಲ. ಹೀಗೆ ತಾವೇ ಹುಟ್ಟಿಕೊಂಡ ಸಂಖ್ಯೆಗಳನ್ನು ಕಾಪ್ರೇಕರ್ ಸ್ವಯಂಭೂ ಎಂದು ಕರೆದರು: 1, 3, 5, 7, 9, 20, 31, 42, 53, 64, 75, 86, 97, 108, 110. ಹಳ್ಳಿಯ ಶಿವಾಲಯಗಳ ಕಥೆ ಕೇಳಿ ಬೆಳೆದ ನಮಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಮೇಲೆ ಹೊರದೇಶಗಳಲ್ಲೂ ಕಾಪ್ರೇಕರ್ ಹೆಸರು ಹರಡಿತು. ಕಾಪ್ರೇಕರ್ ತೀರಿಕೊಂಡದ್ದು 1986ರಲ್ಲಿ. ನಂಟು ಇದೆಯೇ ಎಂದು ಕೇಳಿದಿರಿ. ನಂಟು ಇರುವುದು ಒಂಬತ್ತರ ಆಳ್ವಿಕೆಯಲ್ಲಿ. ವ್ಯತ್ಯಾಸವಿರುವುದು ಅಂಕಮೊತ್ತಕ್ಕೆ ವಹಿಸಿದ ಕೆಲಸದಲ್ಲಿ. ಅಲ್ಲಿ ಅದು ಸಂಖ್ಯೆಯನ್ನು ಬೆಳೆಸಲು ಕೂಡಿಕೊಳ್ಳುತ್ತದೆ, ಇಲ್ಲಿ ಸಂಖ್ಯೆಯ ಜಾಗದಲ್ಲೇ ಕುಳಿತು ಅದನ್ನು ಕುಗ್ಗಿಸುತ್ತದೆ.

ಉದಾಹರಣೆಗಳು ಸಾಧನೆಯಲ್ಲ ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಈಗ ಬರುತ್ತೇನೆ. ನಿಮ್ಮ ಹೆಜ್ಜೆಯಿಂದ ಅಂಕಿ ಕೂಡುವುದನ್ನು ತೆಗೆದುಹಾಕಿ, ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳನ್ನು ಹಾಗೆಯೇ ಕೂಡುತ್ತಾ ಹೋಗಿ. ಪ್ರಾಚೀನ ಗ್ರೀಕರ ಕಾಲದಿಂದ ಗಣಿತಜ್ಞರು ತಿಳಿದಿರುವ ಕ್ರಿಯೆ ಇದು. 6 ಮತ್ತು 28 ತಮ್ಮಲ್ಲೇ ನಿಲ್ಲುತ್ತವೆ. ನೀವು ಆರಿಸಿದ 220 ಇಲ್ಲಿ 284ಕ್ಕೆ ಹೋಗುತ್ತದೆ, 284 ತಿರುಗಿ 220ಕ್ಕೆ ಬರುತ್ತದೆ. ಅವು ಸ್ನೇಹ ಸಂಖ್ಯೆಗಳು. 1918ರಲ್ಲಿ ಪೌಲ್ ಪೂಲೆ ಎಂಬವರು 12496ರಿಂದ ಹೊರಟು ಐದು ಹೆಜ್ಜೆಗೆ ಮರಳುವ ಸುತ್ತನ್ನೂ, 14316ರಿಂದ ಹೊರಟು 28 ಹೆಜ್ಜೆಗೆ ಮರಳುವ ಸುತ್ತನ್ನೂ ಕಂಡುಹಿಡಿದರು. 30ರ ದಾರಿ ಹೀಗಿದೆ: 42, 54, 66, 78, 90, 144, 259, ಅಲ್ಲಿಂದ ಒಮ್ಮೆಲೇ 45, ಆಮೇಲೆ 33, 15, 9, 4, 3, 1. ನಿಮ್ಮ 15 ಇಲ್ಲಿಯೂ ಕಾಣಿಸಿಕೊಂಡಿತು, ಆದರೆ ಇಲ್ಲಿ ಅದು ದಾರಿಹೋಕ ಮಾತ್ರ.

ಎಲ್ಲ ಸಂಖ್ಯೆಗಳೂ ಹೀಗೆ ಕೊನೆಗೆ 1ಕ್ಕೆ ಇಳಿಯುತ್ತವೆ ಅಥವಾ ಯಾವುದಾದರೊಂದು ಸುತ್ತಿಗೆ ಸಿಕ್ಕಿಬೀಳುತ್ತವೆ ಎಂದು 1888ರಲ್ಲಿ ಕ್ಯಾಟಲಾನ್, ಅದನ್ನು ತಿದ್ದಿ 1913ರಲ್ಲಿ ಡಿಕ್ಸನ್ ಊಹಿಸಿದರು. 138ರ ಪಯಣ ನೋಡಿದರೆ ಈ ಊಹೆಯ ಕಷ್ಟ ತಿಳಿಯುತ್ತದೆ. ಅದು ಏರಿ ಏರಿ 117ನೆಯ ಹೆಜ್ಜೆಯಲ್ಲಿ 17,993 ಕೋಟಿಯನ್ನು ದಾಟಿ, ಅಲ್ಲಿಂದ ಇಳಿದು 177ನೆಯ ಹೆಜ್ಜೆಯಲ್ಲಿ 1ನ್ನು ಮುಟ್ಟುತ್ತದೆ. 276ರ ಗತಿ ಏನಾಗುತ್ತದೆಂದು ಇದುವರೆಗೆ ಯಾರಿಗೂ ಗೊತ್ತಿಲ್ಲ. 276, 552, 564, 660, 966 ಎಂಬ ಈ ಐದು ಸಂಖ್ಯೆಗಳಿಗೆ ಡಿ.ಎಚ್. ಲೆಹ್ಮರ್ ಅವರ ಹೆಸರಿನಲ್ಲಿ ಲೆಹ್ಮರ್ ಪಂಚಕವೆಂದೇ ಹೆಸರು. ಸಾವಿರದೊಳಗಿನ ಈ ಪುಟ್ಟ ಸಂಖ್ಯೆಗಳನ್ನು ಗಣಕಗಳು ದಶಕಗಳಿಂದ ಬೆನ್ನಟ್ಟುತ್ತಿವೆ, ಅವು ಸಿಕ್ಕಿಲ್ಲ. ಅದೇ 276 ನಿಮ್ಮ ಸರಣಿಯಲ್ಲಿ ಎಷ್ಟು ಹೊತ್ತು ಬಾಳುತ್ತದೆ ನೋಡಿ. ಅದರ ಭಾಜಕಗಳು 1, 2, 3, 4, 6, 12, 23, 46, 69, 92, 138, 276. ಅಂಕಮೊತ್ತಗಳು ಕೂಡಿ 87. ಅಲ್ಲಿಂದ 30, ಆಮೇಲೆ 27, 22, 9, ಮುಂದಿನದು ನಿಮಗೆ ಬಾಯಿಪಾಠವಾಗಿರುವ ದಾರಿ. ಅಂಕಿ ಕೂಡುವ ಚಿಕ್ಕ ಕ್ರಿಯೆಯೊಂದು ಸೇರಿದ್ದರಿಂದ ಜಗತ್ತಿನ ಗಣಕಗಳಿಗೆ ಬಗೆಹರಿಯದ ಸಂಖ್ಯೆ ಕೆಲವೇ ನಿಮಿಷಗಳಲ್ಲಿ ಪೆನ್ನಿನ ಹಿಡಿತಕ್ಕೆ ಬಂತು.

ದಾರಿಯ ಉದ್ದದ ಬಗೆಗೆ ಒಂದು ಮಾತು, ಏಕೆಂದರೆ ನಿಮ್ಮ ಮುಂದಿನ ಪ್ರಶ್ನೆ ಅದೇ ಆಗಬಹುದು. ನೂರರೊಳಗೆ ಅತಿ ಉದ್ದದ ದಾರಿ 18 ಹೆಜ್ಜೆಗಳದು. 66, 68, 70 ಈ ಮೂರೂ ಮೊದಲ ಹೆಜ್ಜೆಯಲ್ಲೇ 36ಕ್ಕೆ ಬಂದು ಆಮೇಲೆ 17 ಹೆಜ್ಜೆ ನಡೆಯುತ್ತವೆ. ದೊಡ್ಡ ಸಂಖ್ಯೆಯಾದರೆ ದಾರಿ ಉದ್ದ ಎಂದೇನಿಲ್ಲ. 8999 ಅವಿಭಾಜ್ಯ, ಅದಕ್ಕೆ 1 ಮತ್ತು ತಾನು ಎಂಬ ಎರಡೇ ಭಾಜಕಗಳಿರುವುದರಿಂದ ಅದು 1ಕ್ಕೆ 35 ಕೂಡಿ ಒಂದೇ ನೆಗೆತಕ್ಕೆ 36ಕ್ಕೆ ಇಳಿಯುತ್ತದೆ, ಅದರದ್ದೂ 18 ಹೆಜ್ಜೆಯೇ.

ಕೊನೆಯದಾಗಿ, 15ರ ಈ ಹಿರಿಮೆ ಆ ಸಂಖ್ಯೆಯದ್ದೇ, ಇಲ್ಲ ನಾವು ಬರೆಯುವ ಕ್ರಮದ್ದೇ? ಭಾಜಕಗಳು ಸಂಖ್ಯೆಯ ಸ್ವಂತ ಆಸ್ತಿ, ಯಾವ ಲಿಪಿಯಲ್ಲಿ ಹೇಗೆ ಬರೆದರೂ ಅವು ಬದಲಾಗುವುದಿಲ್ಲ. ಅಂಕಿಗಳು ಹಾಗಲ್ಲ, ಅವು ಹತ್ತರ ಪದ್ಧತಿಯಿಂದ ಬಂದವು. ಎಂಟರ ಪದ್ಧತಿಯಲ್ಲಿ, ಎಂದರೆ ಹತ್ತರ ಸ್ಥಾನದ ಜಾಗದಲ್ಲಿ ಎಂಟರ ಸ್ಥಾನವಿಟ್ಟು, ಬರೆದು ನೋಡಿ. ಅಲ್ಲಿ ಎಂಟನ್ನು 10 ಎಂದು ಬರೆಯುತ್ತೇವೆ, ಅದರ ಅಂಕಮೊತ್ತ 1. ಎಂಟರ ಭಾಜಕಗಳಾದ ಒಂದು, ಎರಡು, ನಾಲ್ಕು, ಎಂಟು ಇವುಗಳ ಅಂಕಮೊತ್ತಗಳು 1, 2, 4, 1. ಕೂಡಿದರೆ ಎಂಟೇ ಬಂತು. ಹದಿನೆಂಟನ್ನು 22 ಎಂದು ಬರೆಯುತ್ತೇವೆ, ಒಂಬತ್ತನ್ನು 11 ಎಂದು. ಹದಿನೆಂಟರ ಭಾಜಕಗಳ ಅಂಕಮೊತ್ತಗಳು 1, 2, 3, 6, 2, 4. ಕೂಡಿದರೆ ಹದಿನೆಂಟೇ ಬಂತು. ಅಲ್ಲಿ ಆಳುವುದು ಒಂಬತ್ತಲ್ಲ, ಏಳು. ನಿಲ್ಲುವ ಜಾಗವೂ ಒಂದೇ ಅಲ್ಲ. ನಾಲ್ಕರಿಂದ ಹೊರಟವರು ಏಳನ್ನು ಹಾದು ಎಂಟರಲ್ಲಿ ನಿಲ್ಲುತ್ತಾರೆ. ಅದರ ಪಕ್ಕದ ಐದರಿಂದ ಹೊರಟವರು ಆರು, ಹನ್ನೆರಡು, ಇಪ್ಪತ್ತೊಂದನ್ನು ಹಾದು ಹದಿನೆಂಟರಲ್ಲಿ ನಿಲ್ಲುತ್ತಾರೆ.